ಟ್ರೈಲೊಬೈಟಿನ ಮೈಯನ್ನು ಓದುವ ಬಗೆ: ಆವೆಮಣ್ಣಿನ ಮಾದರಿ ಮಾಡುತ್ತ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ಯಾವ ಕಲ್ಲುಕೋರೆಯಲ್ಲಿಯೂ ಟ್ರೈಲೊಬೈಟ್ ಎಂಬ ಅಳಿದುಹೋದ ಸಮುದ್ರಜೀವಿಯ ಪಳೆಯುಳಿಕೆ ಸಿಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬೇಕಲದ ಕೋಟೆಗೆ ಬಳಕೆಯಾದ ಮುರಕಲ್ಲು, ಹಳೆಯ ಶಿಲೆಗಳು ಮಳೆಬಿಸಿಲಿಗೆ ಸಿಕ್ಕಿ ಸವೆದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳೇ ಹೆಚ್ಚಾಗಿ ಉಳಿದು ಗಟ್ಟಿಯಾದ ಪದರ. ಅದರ ಅಡಿಯ ಕರಿಕಲ್ಲಾದರೋ ಪ್ರಾಣಿಗಳೆಂಬುವು ಹುಟ್ಟುವುದಕ್ಕಿಂತ ಬಹಳ ಹಿಂದೆ ಭೂಮಿಯ ಆಳದ ಶಾಖದಲ್ಲಿ ಬೆಂದು ರೂಪುಗೊಂಡದ್ದು. ನಮ್ಮ ದೇಶದಲ್ಲಿ ಈ ಪ್ರಾಣಿಯನ್ನು ನೋಡಬೇಕಾದರೆ ಹಿಮಾಚಲದ ಸ್ಪಿತಿ ಕಣಿವೆಗೋ ಕಾಶ್ಮೀರಕ್ಕೋ ಹೋಗಬೇಕು. ಸ್ಪಿತಿಯ, ಕೇಂಬ್ರಿಯನ್ ಎಂಬ ಬಹು ಪುರಾತನ ಭೂಯುಗದ ಪಳೆಯುಳಿಕೆಗಳನ್ನು ಕೂಪರ್ ರೀಡ್ ಎಂಬವರು 1910ರಷ್ಟು ಹಿಂದೆಯೇ ವಿವರಿಸಿದ್ದಾರೆ. ಅಷ್ಟು ದೂರ ಹೋಗಲಾರದವರು ಸ್ಪಷ್ಟವಾದ ಒಂದು ಛಾಯಾಚಿತ್ರವನ್ನೋ ಪ್ಲಾಸ್ಟರಿನ ಅಚ್ಚನ್ನೋ ಎದುರಿಗಿಟ್ಟುಕೊಂಡು, ಆವೆಮಣ್ಣಿನಲ್ಲಿ ಅದರ ಮಾದರಿಯನ್ನು ತಾವೇ ಮಾಡುತ್ತ ಹೋದರೆ, ಅಂಗಗಳ ಹೆಸರನ್ನು ಬಾಯಿಪಾಠ ಮಾಡಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ. ಕುಂಬಳೆಯ ಸಮೀಪದ ಕನ್ನಡ ಮಾಧ್ಯಮ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ವರ್ಷಗಳಲ್ಲಿ ನಾನು ಅನುಸರಿಸಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಟ್ರೈಲೊಬೈಟ್‌ಗಳು ಸಮುದ್ರದಲ್ಲಿ ಬಾಳಿದ ಸಂಧಿಪದಿಗಳು. ಸೀಗಡಿ, ಏಡಿ, ಚೇಳು, ಸಹಸ್ರಪದಿಗಳ ದೂರದ ಬಂಧುಗಳು. ಸುಮಾರು 52 ಕೋಟಿ ವರ್ಷಗಳ ಹಿಂದೆ ಕಲ್ಲಿನ ದಾಖಲೆಯಲ್ಲಿ ಕಾಣಿಸಿಕೊಂಡು, ಸುಮಾರು 25.2 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗದ ಕೊನೆಯ ಮಹಾವಿನಾಶದ ಹೊತ್ತಿಗೆ ಪೂರ್ತಿಯಾಗಿ ಇಲ್ಲವಾದವು. ವಿವರಿಸಲ್ಪಟ್ಟ ಪ್ರಭೇದಗಳೇ 20,000ಕ್ಕೂ ಹೆಚ್ಚು. ಹೆಚ್ಚಿನವು ಬೆರಳಿನಷ್ಟೋ ಅಂಗೈಯಷ್ಟೋ ಉದ್ದದವು. ಕೆನಡಾದ ಮ್ಯಾನಿಟೋಬಾದಲ್ಲಿ 1998ರಲ್ಲಿ ಸಿಕ್ಕಿದ ಐಸೊಟೆಲಸ್ ರೆಕ್ಸ್ ಮಾತ್ರ 70 ಸೆಂಟಿಮೀಟರನ್ನು ಮೀರಿದೆ. ನಮ್ಮ ಮಾದರಿಗೆ ನಾನು ಆರಿಸಿಕೊಂಡದ್ದು ಒಲೆನಾಯ್ಡಿಸ್ ಎಂಬ ಕುಲವನ್ನು. ಅದರ ನಡುಭಾಗದಲ್ಲಿರುವುದು ಏಳೇ ಖಂಡಗಳಾದುದರಿಂದ ಹೊಸಬರಿಗೆ ಎಣಿಸುವುದು ಸುಲಭ. ಅದಕ್ಕಿಂತ ಮುಖ್ಯವಾದ ಕಾರಣವೆಂದರೆ, ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಚಾರ್ಲ್ಸ್ ವಾಲ್ಕಾಟ್ 1909ರಲ್ಲಿ ಕಂಡುಹಿಡಿದ ಬರ್ಜೆಸ್ ಶೇಲ್ ಎಂಬ ಕಲ್ಲಿನ ಪದರದಲ್ಲಿ ಇದರ ಕಾಲು ಮತ್ತು ಮೀಸೆಗಳು ಕೂಡ ಉಳಿದು ಬಂದಿವೆ. ಬೆನ್ನು ಹೊಟ್ಟೆ ಎರಡೂ ಚೆನ್ನಾಗಿ ತಿಳಿದಿರುವ ಟ್ರೈಲೊಬೈಟ್‌ಗಳು ತೀರ ಕಡಿಮೆ.

ಸಿದ್ಧತೆ

ಒಂದು ಕಿಲೊದಷ್ಟು ನಾದಿದ ಆವೆಮಣ್ಣು, ಒದ್ದೆ ಹೊಯಿಗೆ, ಹಳೆಯ ತೆಳು ಬಟ್ಟೆ, ಒಂದು ಅಗಲವಾದ ಅಡಿಕೆ ಹಾಳೆ, ಹಿಡಿಸೂಡಿಯ ಕಡ್ಡಿಗಳು, ಮೊಂಡಾದ ಒಂದು ಚಾಕು ಇಷ್ಟಿದ್ದರೆ ಸಾಕು. ಹಾಳೆಯ ಮೇಲೆ ಒದ್ದೆ ಹೊಯಿಗೆಯನ್ನು 18 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ಅಗಲ, ನಡುವಿನಲ್ಲಿ ಎರಡು ಬೆರಳಿನಷ್ಟು ಎತ್ತರವಿರುವ ಮೊಟ್ಟೆಯಾಕಾರದ ದಿಬ್ಬವಾಗಿ ಒತ್ತಿ, ಅದರ ಮೇಲೆ ಬಟ್ಟೆ ಹಾಸಿ, ಬಟ್ಟೆಯ ಮೇಲೆ ಒಂದು ಸೆಂಟಿಮೀಟರ್ ದಪ್ಪದ ಮಣ್ಣಿನ ಹಾಸನ್ನು ಕೂರಿಸಿರಿ. ಇದು ಜೀವಂತ ಪ್ರಾಣಿಯ ಎರಡರಷ್ಟು ಗಾತ್ರ. ಮಣ್ಣನ್ನು ಗಟ್ಟಿ ಮುದ್ದೆಯಾಗಿ ಇಡಬಾರದು, ಏಕೆಂದರೆ ಆರನೆಯ ಹಂತದಲ್ಲಿ ಇದನ್ನು ಮಗುಚಿ ಒಳಭಾಗವನ್ನು ಕಾಣಬೇಕಾಗಿದೆ.

ಹಂತ 1: ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು

ಈ ಪ್ರಾಣಿಯ ಹೆಸರಿನ ಅರ್ಥ ಮೂರು ಹಾಲೆಗಳುಳ್ಳದ್ದು ಎಂದು. ಆ ಹಾಲೆಗಳು ಯಾವುವು ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ, ನಾನೂ ಎಡವಿದ್ದೆ. ಕಲಿಸತೊಡಗಿದ ಮೊದಲ ವರ್ಷಗಳಲ್ಲಿ ಕರಿಹಲಗೆಯ ಮೇಲೆ ತಲೆ, ನಡು, ಬಾಲ ಎಂದು ಬರೆದು, ಇವೇ ಮೂರು ಹಾಲೆಗಳು ಎಂದು ಧೈರ್ಯವಾಗಿ ಹೇಳಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, "ಮಾಷ್ಟ್ರೇ, ಇರುವೆಗೂ ತಲೆ, ಎದೆ, ಹೊಟ್ಟೆ ಅಂತ ಮೂರು ಭಾಗ ಉಂಟಲ್ಲ, ಮತ್ತೆ ಇದಕ್ಕೆ ಮಾತ್ರ ಯಾಕೆ ಆ ಹೆಸರು?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯೇ ಸರಿಯಾಗಿತ್ತು, ತಪ್ಪಿದ್ದುದು ಹಲಗೆಯ ಮೇಲೆ. 1771ರಲ್ಲಿ ಜರ್ಮನಿಯ ಯೊಹಾನ್ ವಾಲ್ಖ್ ಈ ಹೆಸರನ್ನು ಕೊಟ್ಟದ್ದು ಮೈಯ ಉದ್ದಕ್ಕೂ ಹರಿಯುವ ಮೂರು ಪಟ್ಟಿಗಳನ್ನು ಕಂಡು: ನಡುವಿನಲ್ಲಿ ಉಬ್ಬಿನಿಂತ ಅಕ್ಷಹಾಲೆ, ಅದರ ಎಡಬಲಗಳಲ್ಲಿ ಚಪ್ಪಟೆಯಾಗಿ ಇಳಿಯುವ ಎರಡು ಪಕ್ಕಹಾಲೆಗಳು.

ಆದುದರಿಂದ ಚಾಕುವಿನ ಮೊದಲ ಗೆರೆಗಳು ಉದ್ದಕ್ಕೆ ಬೀಳಲಿ. ಮಾದರಿಯ ಅಗಲವನ್ನು ಕಣ್ಣಂದಾಜಿನಲ್ಲಿ ಮೂರು ಮಾಡಿ, ನಡುವಿನ ಪಾಲನ್ನು ತುಸು ಕಿರಿದಾಗಿಟ್ಟು, ಮುಂದಿನಿಂದ ಹಿಂದಕ್ಕೆ ಎರಡು ತಗ್ಗುಗೆರೆಗಳನ್ನು ಎಳೆಯಿರಿ; ಬಾಲದ ತುದಿಯ ಕಡೆಗೆ ಅವು ಒಂದಕ್ಕೊಂದು ಹತ್ತಿರವಾಗಬೇಕು. ಅಡಿಕೆ ತೋಟದಲ್ಲಿ ನೀರು ಹರಿದುಹೋಗಲು ತೆಗೆಯುವ ಕಣಿಗಳ ಹಾಗೆ ಇವು ನಡುವಿನ ದಿಬ್ಬವನ್ನು ಎರಡು ಕಡೆಗಳಿಂದಲೂ ಎತ್ತಿ ತೋರಿಸುತ್ತವೆ. ಇದಾದ ಮೇಲೆ ಅಡ್ಡಕ್ಕೆ ಮೂರು ಪಾಲು ಮಾಡಿರಿ: ಮುಂದಿನ 6 ಸೆಂಟಿಮೀಟರ್ ತಲೆಗವಚ, ನಡುವಿನ 7 ಸೆಂಟಿಮೀಟರ್ ನಡುಭಾಗ, ಹಿಂದಿನ 5 ಸೆಂಟಿಮೀಟರ್ ಬಾಲಫಲಕ. ಇದು ಲೆಕ್ಕದ ಅನುಕೂಲಕ್ಕಾಗಿ ನಾನು ಇಟ್ಟುಕೊಂಡ ಅಳತೆಯೇ ಹೊರತು ಪ್ರಕೃತಿ ವಿಧಿಸಿದ ನಿಯಮವಲ್ಲ.

ತಗ್ಗುಗೆರೆ ಎಂದರೆ ಬರಿಯ ಅಲಂಕಾರವಲ್ಲ ಎಂಬ ಮಾತನ್ನು ಇಲ್ಲಿಯೇ ಗಮನಿಸಿಕೊಳ್ಳಬೇಕು, ಮುಂದಿನ ಎಲ್ಲ ಹಂತಗಳಿಗೂ ಇದೇ ಕೀಲಿ. ಯಂತ್ರದಲ್ಲಿ ಒತ್ತಿದ ಹಾಳೆತಟ್ಟೆಯನ್ನು ಕೈಗೆತ್ತಿಕೊಂಡು ನೋಡಿದರೆ, ಒಳಮೈಯಲ್ಲಿ ತಗ್ಗಾಗಿ ಕಾಣುವ ಗೆರೆ ಹೊರಮೈಯಲ್ಲಿ ಏಣಾಗಿರುತ್ತದೆ. ಟ್ರೈಲೊಬೈಟಿನ ಕವಚವೂ ಹಾಗೆಯೇ: ಬೆನ್ನಿನ ಮೇಲೆ ತಗ್ಗು ಕಂಡಲ್ಲಿ ಒಳಗಡೆ ಏಣು ಅಥವಾ ಮೊಳೆಯಂತಹ ಚಾಚು ಇರುತ್ತದೆ, ಸ್ನಾಯುಗಳು ಅಂಟಿಕೊಳ್ಳುತ್ತಿದ್ದುದು ಅದಕ್ಕೆ. ಹೀಗಾಗಿ ಮೃದುವಾದ ಅಂಗಗಳೆಲ್ಲ ಕೊಳೆತುಹೋದ ಕಲ್ಲಿನಲ್ಲಿಯೂ, ಕಾಲಿನ ಸ್ನಾಯು ಎಲ್ಲಿ ಹಿಡಿದಿತ್ತು ಎಂಬುದನ್ನು ಬೆನ್ನಿನ ಗೆರೆಗಳಿಂದಲೇ ಊಹಿಸಬಹುದು.

ಹಂತ 2: ತಲೆಗವಚ

ತಲೆಗವಚಕ್ಕೆ ಶಾಸ್ತ್ರದಲ್ಲಿ ಸೆಫಲಾನ್ ಎಂದು ಹೆಸರು. ಅದರ ಹೊರ ಅಂಚು ಅರ್ಧಚಂದ್ರಾಕಾರ, ಹಿಂದಿನ ಅಂಚು ಹೆಚ್ಚುಕಡಿಮೆ ನೇರ. ಇವೆರಡು ಕೂಡುವ ಮೂಲೆಗಳಿಂದ ಹಿಂದಕ್ಕೆ ಚಾಚಿದ ಎರಡು ಮುಳ್ಳುಗಳನ್ನು ಕೆನ್ನೆಮುಳ್ಳುಗಳೆನ್ನಬಹುದು. ಒಲೆನಾಯ್ಡಿಸ್‌ನಲ್ಲಿ ಅವು ಸಾಕಷ್ಟು ಉದ್ದವಾಗಿವೆ. ಈ ಮುಳ್ಳುಗಳಿಗಾಗಿ ಮಣ್ಣಿನೊಳಗೆ ಒಂದು ಕಡ್ಡಿಯನ್ನು ಹುದುಗಿಸದಿದ್ದರೆ ಒಣಗುವಾಗ ಮುರಿಯುವುದು ಖಂಡಿತ.

ನಡುವಿನ ಅಕ್ಷಹಾಲೆ ತಲೆಯ ಮೇಲೆ ಬಂದಾಗ ಅದನ್ನು ಗ್ಲಾಬೆಲ್ಲಾ ಎಂದು ಕರೆಯುತ್ತಾರೆ. ನಮ್ಮ ಮಾದರಿಯಲ್ಲಿ ಇದು ಮುಂಭಾಗದ ಅಂಚಿನ ತೀರ ಸಮೀಪದವರೆಗೆ ಬರುವ, ಎರಡೂ ಬದಿಗಳು ಸಮಾನಾಂತರವಾಗಿರುವ ಉಬ್ಬು. ಪ್ರಾಣಿಯ ಜಠರವಿದ್ದುದು ಈ ಉಬ್ಬಿನ ಅಡಿಯಲ್ಲಿ. ಊಹೆಗೆ ಇಲ್ಲಿ ಸಾಕ್ಷಿಯೂ ಇದೆ: ಚೆಕ್ ದೇಶದ, ಸುಮಾರು 46.5 ಕೋಟಿ ವರ್ಷ ಹಳೆಯದಾದ ಬೊಹೆಮೊಲಿಖಾಸ್ ಎಂಬ ಟ್ರೈಲೊಬೈಟಿನ ಜೀರ್ಣನಾಳದ ತುಂಬ ಪುಡಿಯಾದ ಚಿಪ್ಪುಗಳು ಹಾಗೆಯೇ ಉಳಿದಿರುವುದನ್ನು 2023ರಲ್ಲಿ ಪ್ರಕಟಿಸಿದರು. ಗ್ಲಾಬೆಲ್ಲಾದ ಎರಡೂ ಬದಿಗಳಿಂದ ಒಳಮುಖವಾಗಿ ಇಳಿಯುವ ಚಿಕ್ಕ ತಗ್ಗುಗೆರೆಗಳನ್ನು ಜೊತೆಜೊತೆಯಾಗಿ ಗುರುತಿಸಿರಿ, ಹಿಂದಿನ ಜೊತೆ ಆಳವಾಗಿರಲಿ, ಮುಂದಿನವು ಮಾಸುತ್ತ ಹೋಗಲಿ. ತಲೆಯೆಂಬುದು ಮೂಲತಃ ಬಿಡಿಬಿಡಿಯಾಗಿದ್ದ ಕೆಲವು ಖಂಡಗಳು ಬೆಸೆದು ಆದದ್ದು ಎಂಬುದರ ಗುರುತು ಈ ಗೆರೆಗಳಲ್ಲಿದೆ. ಗ್ಲಾಬೆಲ್ಲಾದ ಹಿಂತುದಿಯಲ್ಲಿ ಕತ್ತಿನ ಪಟ್ಟಿಯ ಹಾಗೆ ಅಡ್ಡವಾಗಿ ಒಂದು ಉಂಗುರವಿದ್ದು, ಅದರ ಮುಂದಿನ ತಗ್ಗುಗೆರೆ ಪೂರ್ತಿಯಾಗಿ ಈ ಬದಿಯಿಂದ ಆ ಬದಿಗೆ ಹಾದುಹೋಗುತ್ತದೆ.

ಗ್ಲಾಬೆಲ್ಲಾದ ಎಡಬಲಗಳು ಕೆನ್ನೆಗಳು. ತಲೆಯ ರಚನೆಯಲ್ಲಿ ನನಗೆ ಅತ್ಯಂತ ಸ್ವಾರಸ್ಯವಾಗಿ ಕಾಣುವುದು ಈ ಕೆನ್ನೆಗಳನ್ನು ಎರಡಾಗಿ ಸೀಳುವ ಸಣ್ಣ ಗೆರೆ, ಮುಖದ ಹೊಲಿಗೆ. ಇದು ತಗ್ಗುಗೆರೆಯಲ್ಲ, ಕವಚವು ಸುಲಭವಾಗಿ ಬಿಚ್ಚಿಕೊಳ್ಳಲೆಂದೇ ಇರುವ ಬಿರುಕು. ಮುಂದಿನ ಅಂಚಿನಿಂದ ಹೊರಟು ಕಣ್ಣಿನ ಒಳಮಗ್ಗುಲನ್ನು ಬಳಸಿಕೊಂಡು ಹಿಂದಕ್ಕೆ ಸಾಗುವ ಈ ಹೊಲಿಗೆಯ ಒಳಗಡೆ ಉಳಿಯುವುದು ಸ್ಥಿರ ಕೆನ್ನೆ, ಹೊರಗಡೆಯದು ಬಿಡಿ ಕೆನ್ನೆ. ಪೊರೆ ಕಳಚುವಾಗ ಬಿಡಿ ಕೆನ್ನೆ ಕಣ್ಣಿನ ಮೇಲ್ಮೈಯನ್ನೂ ಹೊತ್ತುಕೊಂಡು ಬೇರ್ಪಡುತ್ತಿತ್ತು, ತೆರೆದ ಬಾಗಿಲಿನಿಂದ ಬರುವ ಹಾಗೆ ಪ್ರಾಣಿ ಮುಂದಕ್ಕೆ ಹೊರಬರುತ್ತಿತ್ತು.

ಹೊಲಿಗೆ ಹಿಂದುಗಡೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಅವಸರವಿಲ್ಲದೆ ನೋಡಬೇಕು, ವರ್ಗೀಕರಣದಲ್ಲಿ ಅದಕ್ಕೆ ಬೆಲೆಯಿದೆ. ಅದು ತಲೆಗವಚದ ಹಿಂದಿನ ಅಂಚಿಗೆ ಬಂದು ಸೇರಿದರೆ ಕೆನ್ನೆಮುಳ್ಳು ಬಿಡಿ ಕೆನ್ನೆಯ ಪಾಲಿಗೆ ಹೋಗುತ್ತದೆ. ಒಲೆನಾಯ್ಡಿಸ್ ಈ ಬಗೆಯದು. ಮೂಲೆಗಿಂತ ಮುಂದೆಯೇ ಪಕ್ಕದ ಅಂಚನ್ನು ಕತ್ತರಿಸಿದರೆ ಮೂಲೆಯು ಸ್ಥಿರ ಕೆನ್ನೆಯಲ್ಲಿಯೇ ಉಳಿಯುತ್ತದೆ. ಫೇಕಾಪ್ಸ್ ಎಂಬ ಇನ್ನೊಂದು ಟ್ರೈಲೊಬೈಟ್ ಗುಂಪಿನವು ಹೀಗೆ. ಸರಿಯಾಗಿ ಮೂಲೆಯಲ್ಲಿಯೇ ಹಾಯುವುದೂ ಉಂಟು, ಕ್ಯಾಲಿಮೀನ್ ಎಂಬ ಕುಲದಲ್ಲಿ ಇದ್ದಂತೆ. ಅತ್ಯಂತ ಹಳೆಯ ಟ್ರೈಲೊಬೈಟ್‌ಗಳಲ್ಲಿ ಸೇರುವ ಒಲೆನೆಲ್ಲಸ್ ಬಳಗಕ್ಕೆ ಬೆನ್ನಿನ ಮೇಲೆ ಈ ಹೊಲಿಗೆಯೇ ಇಲ್ಲ. ಮಾದರಿಯಲ್ಲಿ ಹೊಲಿಗೆಯನ್ನು ಬರಿದೇ ಗೀರಿ ಬಿಡದೆ, ಮಣ್ಣು ಹಸಿಯಿರುವಾಗಲೇ ಚಾಕುವಿನಿಂದ ಪೂರ್ತಿ ಕತ್ತರಿಸಿ, ಕೆನ್ನೆಯನ್ನು ಅದೇ ಸ್ಥಾನದಲ್ಲಿ ಬಿಟ್ಟಿರಿ. ಒಣಗಿದ ಮೇಲೆ ಅದು ಬೇರೆ ತುಂಡಾಗಿ ಕೈಗೆ ಬರಬೇಕು.

ಹಂತ 3: ಕಣ್ಣು

ಸ್ಥಿರ ಮತ್ತು ಬಿಡಿ ಕೆನ್ನೆಗಳ ನಡುವೆ, ಹೊಲಿಗೆಯ ದಾರಿಯಲ್ಲಿಯೇ, ಬಾಳೆಯ ಎಸಳಿನಂತೆ ಬಾಗಿದ ಒಂದು ಉಬ್ಬನ್ನು ಪ್ರತಿ ಬದಿಗೂ ಕೂರಿಸಿರಿ. ಟ್ರೈಲೊಬೈಟಿನ ಕಣ್ಣು ಅನೇಕ ಮಸೂರಗಳ ಸಂಯುಕ್ತ ಕಣ್ಣು, ಮಸೂರಗಳಾದರೋ ಕ್ಯಾಲ್ಸೈಟ್ ಎಂಬ ಸುಣ್ಣದ ಹರಳಿನವು. ನಮ್ಮ ಸೀಗಡಿಯ ಕಣ್ಣು ಸತ್ತ ಮರುದಿನವೇ ಹಾಳಾಗುತ್ತದೆ. ಇವುಗಳ ಕಣ್ಣು ಕೋಟಿ ಕೋಟಿ ವರ್ಷ ಉಳಿದದ್ದು ಆ ಖನಿಜದ ದೆಸೆಯಿಂದ. ಕ್ಯಾಲ್ಸೈಟಿನ ಹರಳಿನ ಮೂಲಕ ನೋಡಿದರೆ ಒಂದು ಗೆರೆ ಎರಡಾಗಿ ಕಾಣುತ್ತದೆ, ಆದರೆ ಹರಳಿನ ಒಂದು ನಿರ್ದಿಷ್ಟ ಅಕ್ಷದ ಉದ್ದಕ್ಕೆ ನೋಡಿದಾಗ ಮಾತ್ರ ಈ ಇಮ್ಮಡಿ ಬಿಂಬ ಮೂಡುವುದಿಲ್ಲ. ಪ್ರತಿ ಮಸೂರದಲ್ಲಿಯೂ ಆ ಅಕ್ಷವು ಕಣ್ಣಿನ ಮೇಲ್ಮೈಗೆ ಲಂಬವಾಗಿ, ಅಂದರೆ ನೋಟದ ದಿಕ್ಕಿಗೇ ಹೊಂದಿಕೊಂಡಿದೆ.

ಕಣ್ಣಿನ ಬಗೆಗಳಲ್ಲಿ ಎರಡನ್ನು ಬೇರ್ಪಡಿಸಲು ಕಲಿತರೆ ಸಾಕಷ್ಟಾಯಿತು. ಹೆಚ್ಚಿನವುಗಳಲ್ಲಿ ಸಣ್ಣ ಮಸೂರಗಳು ಹಲಸಿನ ಹಣ್ಣಿನ ಮೇಲಿನ ಮುಳ್ಳುಗಳಂತೆ ಒಂದಕ್ಕೊಂದು ತಾಗಿಕೊಂಡು, ಎಲ್ಲಕ್ಕೂ ಒಂದೇ ತೆಳುಪೊರೆಯನ್ನು ಹೊದ್ದಿರುತ್ತವೆ. ಕೆಲವು ಪ್ರಭೇದಗಳಲ್ಲಿ ಒಂದೊಂದು ಕಣ್ಣಿಗೂ ಸಾವಿರಾರು ಮಸೂರಗಳಿವೆ. ಫೇಕಾಪ್ಸ್ ಗುಂಪಿನಲ್ಲಿ ಮಾತ್ರ ಮಸೂರಗಳು ದೊಡ್ಡವು, ಎಣಿಕೆಯಲ್ಲಿ ಕಡಿಮೆ, ತಾವರೆಯ ಬೀಜಕೋಶದಲ್ಲಿ ಬೀಜಗಳು ಕುಳಿತಂತೆ ಒಂದರಿಂದ ಒಂದು ದೂರವಾಗಿ ತಮ್ಮ ತಮ್ಮ ಗುಳಿಗಳಲ್ಲಿ ಕೂತಿರುತ್ತವೆ. 1975ರಲ್ಲಿ ಯೂವನ್ ಕ್ಲಾರ್ಕ್‌ಸನ್ ಮತ್ತು ರಿಕಾರ್ಡೊ ಲೆವಿ-ಸೆಟ್ಟಿ ಈ ದೊಡ್ಡ ಮಸೂರಗಳ ಒಳರಚನೆಯನ್ನು ಪರೀಕ್ಷಿಸಿ, ಬಿಂಬವನ್ನು ಮಸುಕಾಗಿಸುವ ದೋಷವನ್ನು ನಿವಾರಿಸಲು 17ನೆಯ ಶತಮಾನದಲ್ಲಿ ದೆಕಾರ್ತ್ ಮತ್ತು ಹೈಗೆನ್ಸ್ ಕಾಗದದ ಮೇಲೆ ಬಿಡಿಸಿದ್ದ ಮಸೂರಗಳ ಆಕಾರವೇ ಇಲ್ಲಿಯೂ ಇದೆ ಎಂದು ತೋರಿಸಿದರು. ನಮ್ಮ ಒಲೆನಾಯ್ಡಿಸ್ ಮೊದಲ ಬಗೆಯದು. ಕಣ್ಣಿನ ಉಬ್ಬಿನ ಮೇಲೆ ಒದ್ದೆ ಗೋಣಿಯ ತುಂಡನ್ನು ಮೆಲ್ಲಗೆ ಒತ್ತಿದರೆ ಸಾಕಾದಷ್ಟು ಸಣ್ಣ ಗುರುತುಗಳು ಮೂಡುತ್ತವೆ. ಕಣ್ಣೇ ಇಲ್ಲದ ಟ್ರೈಲೊಬೈಟ್‌ಗಳೂ ಅನೇಕ ಇದ್ದುವು ಎಂಬುದು ನೆನಪಿನಲ್ಲಿರಲಿ. ಕಣ್ಣು ಕಾಣಲಿಲ್ಲವೆಂದು ಮಾದರಿ ಒಡೆದಿದೆ ಎಂದುಕೊಳ್ಳಬಾರದು.

ಒಂದು ಉಪಮಾತು. ಮೊರಾಕೊದ ಟ್ರೈಲೊಬೈಟ್ ಎಂದು ಅಂತರ್ಜಾಲದಲ್ಲಿ ಅಗ್ಗಕ್ಕೆ ಮಾರುವವುಗಳಲ್ಲಿ ಅಂಟಿನಿಂದ ಎರಕ ಹೊಯ್ದ ನಕಲಿಗಳು ಸಾಕಷ್ಟಿವೆ. ಕೊಳ್ಳುವ ಮೊದಲು ಭೂತಗಾಜಿನಲ್ಲಿ ಕಣ್ಣನ್ನು ನೋಡಿರಿ. ಫೇಕಾಪ್ಸ್ ಎಂದು ಹೇಳಿ ಮಾರುವ ಕಲ್ಲಿನ ಕಣ್ಣಿನಲ್ಲಿ ಮಸೂರಗಳು ಬಿಡಿಬಿಡಿಯಾಗಿ ಕಾಣದೆ ಮಣ್ಣು ಮೆತ್ತಿದ ಹಾಗಿದ್ದರೆ, ಅಥವಾ ಮೈಮೇಲೆ ಗಾಳಿಗುಳ್ಳೆಗಳ ಸಣ್ಣ ತೂತುಗಳಿದ್ದರೆ, ಅದನ್ನು ಅಲ್ಲಿಯೇ ಬಿಡುವುದು ಲೇಸು.

ಹಂತ 4: ನಡುಭಾಗ

ನಡುಭಾಗದ 7 ಸೆಂಟಿಮೀಟರನ್ನು ಒಂದೊಂದು ಸೆಂಟಿಮೀಟರಿನ ಏಳು ಖಂಡಗಳಾಗಿ ಅಡ್ಡಕ್ಕೆ ಗೀರಿರಿ. ಪ್ರತಿ ಖಂಡದಲ್ಲಿಯೂ ನಡುವಿನಲ್ಲಿ ಒಂದು ಅಕ್ಷ ಉಂಗುರ, ಎರಡು ಬದಿಗಳಲ್ಲಿ ಒಂದೊಂದು ಪಕ್ಕೆಪಟ್ಟಿ. ಪಕ್ಕೆಪಟ್ಟಿಯ ಮೇಲೆ ಓರೆಯಾಗಿ ಒಂದು ತಗ್ಗುಗೆರೆ ಹಾಯುತ್ತದೆ, ತುದಿ ಮುಳ್ಳಾಗಿ ಹಿಂದಕ್ಕೆ ಬಾಗುತ್ತದೆ. ಹೊಸದಾಗಿ ನೋಡುವವರು ಈ ತಗ್ಗುಗೆರೆಯನ್ನೇ ಖಂಡಗಳ ನಡುವಿನ ಸಂದು ಎಂದು ತಿಳಿದು, ಏಳಿರುವಲ್ಲಿ ಹದಿನಾಲ್ಕು ಎಣಿಸಿಬಿಡುತ್ತಾರೆ. ಎಣಿಸುವುದಿದ್ದರೆ ಪಕ್ಕೆಗಳನ್ನಲ್ಲ, ನಡುವಿನ ಉಂಗುರಗಳನ್ನು ಎಣಿಸಿರಿ, ತಪ್ಪುವುದಿಲ್ಲ. ಖಂಡಗಳ ಸಂಖ್ಯೆ ಗುಂಪಿನಿಂದ ಗುಂಪಿಗೆ ಬೇರೆ: ಅಗ್ನೊಸ್ಟಸ್ ಬಳಗಕ್ಕೆ ಎರಡೇ, ಫೇಕಾಪ್ಸ್‌ಗೆ 11, ಕ್ಯಾಲಿಮೀನ್‌ಗೆ ಸಾಮಾನ್ಯವಾಗಿ 13; ಆಸ್ಟ್ರೇಲಿಯಾದ ಬಾಲ್ಕೊರಕಾನಿಯಾ ಎಂಬುದು ನೂರನ್ನೂ ದಾಟಿ 103ರವರೆಗೆ ಹೋಗಿದೆ.

ತಲೆ ಮತ್ತು ಬಾಲಗಳಲ್ಲಿ ಖಂಡಗಳು ಬೆಸೆದುಕೊಂಡಿವೆ, ನಡುಭಾಗದಲ್ಲಿ ಮಾತ್ರ ಅವು ಬಿಡಿಯಾಗಿದ್ದು ಒಂದರ ಮೇಲೊಂದು ಜಾರುತ್ತವೆ. ಮಂಗಳೂರು ಹಂಚಿನ ಮಾಡಿನಲ್ಲಿ ಮೇಲಿನ ಹಂಚಿನ ತುದಿ ಕೆಳಗಿನದರ ಮೇಲೆ ಕೂತಿರುವಂತೆಯೇ, ಇಲ್ಲಿ ಪ್ರತಿ ಖಂಡದ ಹಿಂದಿನ ಅಂಚು ಅದರ ಹಿಂದೆ ಬರುವ ಖಂಡದ ಮುಂಭಾಗವನ್ನು ಮುಚ್ಚಿಕೊಂಡಿರುತ್ತದೆ. ಅಕ್ಷ ಉಂಗುರದ ಮುಂಭಾಗದಲ್ಲಿ ಅರ್ಧ ಉಂಗುರದಂತಹ ಒಂದು ನಾಲಗೆಯಿದ್ದು, ಅದು ಎದುರಿನ ಖಂಡದ ಅಡಿಯಲ್ಲಿ ಅಡಗಿರುತ್ತದೆ. ಪ್ರಾಣಿ ಬೆನ್ನು ಬಾಗಿಸಿದಾಗ ಈ ನಾಲಗೆ ಹೊರಬಂದು ಸಂದಿಯನ್ನು ಮುಚ್ಚುವುದರಿಂದ ಮೈಯ ಮಾಂಸ ಎಲ್ಲಿಯೂ ಬಯಲಾಗುವುದಿಲ್ಲ. ಪೂರ್ತಿ ಸುರುಳಿಯಾಗಿ, ತಲೆಗವಚದ ಅಂಚಿಗೆ ಬಾಲಫಲಕದ ಅಂಚನ್ನು ಕೂಡಿಸಿ ಉಂಡೆಯಾಗಿರುವ ಫೇಕಾಪ್ಸ್ ಮತ್ತು ಕ್ಯಾಲಿಮೀನ್‌ಗಳು ಕಲ್ಲಿನಲ್ಲಿ ಧಾರಾಳ ಸಿಕ್ಕಿವೆ. ಇದನ್ನು ಜೀವಂತವಾಗಿ ನೋಡಬೇಕೆನ್ನುವವರು ಮಳೆಗಾಲದಲ್ಲಿ ಅಡಿಕೆ ತೋಟದ ಸೊಪ್ಪಿನ ಅಡಿಯನ್ನು ಕೆದಕಲಿ. ಮುಟ್ಟಿದೊಡನೆ ಗೋಲಿಯಂತೆ ಉರುಟಾಗುವ ದಪ್ಪ ಸಹಸ್ರಪದಿ, ಪಶ್ಚಿಮ ಘಟ್ಟದ ಆರ್ಥ್ರೊಸ್ಫೇರಾ, ಇದೇ ಉಪಾಯವನ್ನು ಮಾಡುತ್ತದೆ. ಎರಡಕ್ಕೂ ಹತ್ತಿರದ ನೆಂಟಸ್ತನವಿಲ್ಲ, ಹಂಚು ಹೊದಿಸಿದ ಬೆನ್ನಿಗೆ ಆಪತ್ತು ಬಂದಾಗ ತೋಚುವ ದಾರಿ ಒಂದೇ ಇರಬೇಕು.

ಹಂತ 5: ಬಾಲಫಲಕ

ಪೈಗಿಡಿಯಂ ಎಂಬ ಬಾಲಫಲಕದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಉಂಗುರಗಳು ಮುಂದುವರಿಯುತ್ತವೆ, ಆದರೆ ಗೆರೆಗಳು ಕಂಡರೂ ಕೀಲುಗಳಿಲ್ಲ. ಆದುದರಿಂದ ಇಲ್ಲಿ ಚಾಕುವಿನ ತುದಿಯಿಂದ ಮೇಲುಮೇಲೆ ಗೀರಿದರೆ ಸಾಕು. ಒಲೆನಾಯ್ಡಿಸ್‌ನ ಬಾಲದ ಅಂಚಿನಲ್ಲಿ ಜೊತೆಜೊತೆಯಾಗಿ ಮುಳ್ಳುಗಳಿವೆ. ತಲೆಗೆ ಹೋಲಿಸಿದರೆ ಬಾಲ ಎಷ್ಟು ದೊಡ್ಡದು ಎಂಬುದನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳಬೇಕು: ಒಲೆನೆಲ್ಲಸ್‌ನಲ್ಲಿ ಅದು ಚಿಟಿಕೆಯಷ್ಟು, ಅಗ್ನೊಸ್ಟಸ್‌ನಲ್ಲಿ ತಲೆಯಷ್ಟೇ ದೊಡ್ಡದು, ಹಾಗಾಗಿ ಅದರಲ್ಲಿ ತಲೆ ಯಾವುದು ಬಾಲ ಯಾವುದು ಎಂದು ಮೊದಲ ನೋಟಕ್ಕೆ ಹೇಳುವುದು ಕಷ್ಟ.

ಹಂತ 6: ಮಗುಚಿ ನೋಡುವುದು

ಮಾದರಿಯನ್ನು ಒಂದು ದಿನ ನೆರಳಿನಲ್ಲಿ ಇಟ್ಟು, ತೊಗಲಿನಷ್ಟು ಗಟ್ಟಿಯಾದಾಗ ಇನ್ನೊಂದು ಹಾಳೆಯನ್ನು ಮೇಲಿನಿಂದ ಒತ್ತಿಹಿಡಿದು ಒಟ್ಟಿಗೆ ಮಗುಚಿ, ಬಟ್ಟೆಯನ್ನೂ ಹೊಯಿಗೆಯನ್ನೂ ತೆಗೆಯಿರಿ. ನೀವು ಬೆನ್ನಿನ ಮೇಲೆ ಆಳವಾಗಿ ಒತ್ತಿದ ಗೆರೆಗಳು ಒಳಗೆ ಅಲ್ಲಲ್ಲಿ ಏಣಾಗಿ ಕಾಣಬೇಕು, ಕಾಣದಿದ್ದರೆ ಮಣ್ಣಿನ ಸಣ್ಣ ಗುಬುಟುಗಳನ್ನು ಅಂಟಿಸಿ ತೋರಿಸಿರಿ.

ಗಟ್ಟಿಯಾದ ಸುಣ್ಣದ ಕವಚವಿದ್ದುದು ಮುಖ್ಯವಾಗಿ ಬೆನ್ನಿಗೆ. ಅದರ ಅಂಚು ಒಂದಿಷ್ಟು ಒಳಕ್ಕೆ ಮಡಚಿಕೊಂಡು ಸುತ್ತಲೂ ಪಟ್ಟಿಯಾಗಿರುತ್ತದೆ, ತಲೆಯ ಅಡಿಯಲ್ಲಿ ಗ್ಲಾಬೆಲ್ಲಾದ ನೇರಕ್ಕೆ ಹೈಪೊಸ್ಟೋಮ್ ಎಂಬ ಒಂದು ಗುರಾಣಿಯಂತಹ ಫಲಕವಿರುತ್ತದೆ. ಹೊಟ್ಟೆಯ ಉಳಿದ ಭಾಗವೆಲ್ಲ ತೆಳುಚರ್ಮ. ಬೆನ್ನು ಕಲ್ಲಾಗಿ ಹೊಟ್ಟೆ ಇಲ್ಲವಾಗಿರುವುದು ಈ ಕಾರಣಕ್ಕೆ. ಹೈಪೊಸ್ಟೋಮನ್ನು ಬೇರೆಯಾಗಿ ಮಾಡಿ, ಮುಂದಿನ ಮಡಿಕೆಗೆ ತಾಗುವಂತೆ ಇರಿಸಿರಿ. ಕೆಲವು ಟ್ರೈಲೊಬೈಟ್‌ಗಳಲ್ಲಿ ಅದು ಹೀಗೆ ಅಂಚಿಗೆ ಭದ್ರವಾಗಿ ಕೂಡಿಕೊಂಡಿದೆ, ಇನ್ನು ಕೆಲವುಗಳಲ್ಲಿ ಅಂಚಿಗೆ ತಾಗದೆ ತೆಳುಚರ್ಮದಲ್ಲಿ ತೇಲಿದಂತೆ ನಿಂತಿದೆ; ಗಟ್ಟಿ ಆಹಾರವನ್ನು ಹಿಡಿದು ಹರಿಯುವವುಗಳಿಗೆ ಭದ್ರವಾದದ್ದು, ಕೆಸರಿನಲ್ಲಿ ಸಣ್ಣ ಕಣಗಳನ್ನು ಆಯುವವುಗಳಿಗೆ ತೇಲುವಂಥದ್ದು ಎಂದು ವಿದ್ವಾಂಸರು ತರ್ಕಿಸುತ್ತಾರೆ.

ಬಾಯಿ ಎಲ್ಲಿ ಎಂದು ಕೇಳಿದರೆ ಎಲ್ಲರೂ ತಲೆಯ ಮುಂತುದಿಗೆ ಬೆರಳು ತೋರಿಸುತ್ತಾರೆ. ಬಾಯಿ ಇರುವುದು ಹೈಪೊಸ್ಟೋಮಿನ ಹಿಂದೆ, ಹೊಟ್ಟೆಯ ಕಡೆ, ಹಿಮ್ಮುಖವಾಗಿ. ಕಾಲುಗಳ ಬುಡದಲ್ಲಿದ್ದ ಮುಳ್ಳುಗಳ ಸಾಲು ಆಹಾರವನ್ನು ಜಜ್ಜಿ, ಎಡಬಲ ಕಾಲುಗಳ ನಡುವಿನ ಓಣಿಯಲ್ಲಿ ಹಿಂದಿನಿಂದ ಮುಂದಕ್ಕೆ ತಳ್ಳುತ್ತ ಬಾಯಿಗೆ ತಲುಪಿಸುತ್ತಿತ್ತು. ಅಲ್ಲಿಂದ ಅನ್ನನಾಳ ಮುಂದಕ್ಕೆ ಮತ್ತು ಮೇಲಕ್ಕೆ ಹೋಗಿ ಜಠರವನ್ನು ಸೇರಿ, ಹಿಂದಿರುಗಿ ಅಕ್ಷಹಾಲೆಯ ಅಡಿಯಲ್ಲಿ ಉದ್ದಕ್ಕೂ ಸಾಗಿ ಬಾಲದ ಕೆಳಗೆ ಮುಗಿಯುತ್ತಿತ್ತು. ಕಡ್ಡಿಯೊಂದನ್ನು ಈ ದಾರಿಗೆ ತಕ್ಕಂತೆ ಬಾಗಿಸಿ ಇಟ್ಟರೆ ಮಕ್ಕಳಿಗೆ ಬೇಗ ಹಿಡಿಸುತ್ತದೆ.

ಕಾಲುಗಳ ಇತಿಹಾಸವೇ ಒಂದು ಕಥೆ. 1698ರಲ್ಲಿ ವೇಲ್ಸಿನ ಎಡ್ವರ್ಡ್ ಲ್ವಿಡ್ ತನಗೆ ಸಿಕ್ಕಿದ ಟ್ರೈಲೊಬೈಟನ್ನು ಯಾವುದೋ ಚಪ್ಪಟೆ ಮೀನಿನ ಎಲುಬುಗೂಡು ಎಂದೇ ಭಾವಿಸಿದ್ದರು. ಕಾಲು ಕಾಣದ ಮೇಲೆ ಬೇರೆ ಏನೆಂದುಕೊಳ್ಳುವುದು? 1870ರ ದಶಕದಲ್ಲಿ ವಾಲ್ಕಾಟ್, ಇನ್ನೂ ಯುವಕರಾಗಿದ್ದಾಗ, ನ್ಯೂಯಾರ್ಕ್ ರಾಜ್ಯದ ಸುಣ್ಣಕಲ್ಲಿನಲ್ಲಿ ಹುದುಗಿದ್ದ ಟ್ರೈಲೊಬೈಟ್‌ಗಳನ್ನು ತೆಳುತೆಳುವಾಗಿ ಕೊಯ್ದು, ಕೊಯ್ದ ಮೈಯಲ್ಲಿ ಕಾಲುಗಳ ಅಡ್ಡಸೀಳನ್ನು ಕಂಡರು. 1890ರ ದಶಕದಲ್ಲಿ ಅದೇ ರಾಜ್ಯದ ರೋಮ್ ಎಂಬ ಊರಿನ ಬಳಿ ಸಿಕ್ಕಿದ ಟ್ರೈಆರ್ಥ್ರಸ್ ಎಂಬ ಟ್ರೈಲೊಬೈಟ್‌ಗಳ ಮೀಸೆ ಕಾಲುಗಳು ಹೊಂಬಣ್ಣದ ಪೈರೈಟ್ ಖನಿಜವಾಗಿ ಮಾರ್ಪಟ್ಟಿದ್ದುವು, ಚಾರ್ಲ್ಸ್ ಬೀಚರ್ ಅವನ್ನು ಬಿಡಿಸಿ ತೋರಿಸಿದರು. ತೀರ ಈಚೆಗೆ, 2024ರಲ್ಲಿ, ಮೊರಾಕೊದಲ್ಲಿ ಜ್ವಾಲಾಮುಖಿಯ ಬೂದಿ ಹಠಾತ್ತನೆ ಮುಚ್ಚಿದ ಕೇಂಬ್ರಿಯನ್ ಟ್ರೈಲೊಬೈಟ್‌ಗಳ ಮೂರು ಆಯಾಮದ ವಿವರ ಪ್ರಕಟವಾಯಿತು. ಬಾಯಿಯ ಬಳಿಯ ಮಾಂಸಲ ತುಟಿ ಕೂಡ ಅದರಲ್ಲಿ ಕಂಡಿದೆ.

ಈಗ ಕಡ್ಡಿಗಳನ್ನು ಕೈಗೆತ್ತಿಕೊಳ್ಳಬಹುದು. ಹೈಪೊಸ್ಟೋಮಿನ ಇಕ್ಕೆಲಗಳಿಂದ ಮುಂದಕ್ಕೆ ಚಾಚುವ ಎರಡು ಉದ್ದ ಮೀಸೆಗಳು; ಅವುಗಳ ಹಿಂದೆ ತಲೆಯ ಅಡಿಯಲ್ಲಿ ಮೂರು ಜೊತೆ ಕಾಲು; ನಡುಭಾಗದ ಪ್ರತಿ ಖಂಡಕ್ಕೂ ಒಂದು ಜೊತೆಯಂತೆ ಏಳು; ಬಾಲದ ಅಡಿಯಲ್ಲಿ ಚಿಕ್ಕದಾಗುತ್ತ ಹೋಗುವ ಇನ್ನು ಕೆಲವು ಜೊತೆ. ಒಲೆನಾಯ್ಡಿಸ್‌ನಲ್ಲಿ ಬಾಲದ ಹಿಂದೆಯೂ ಮೀಸೆಯಂತಹ ಎರಡು ಎಳೆಗಳಿವೆ. ತಲೆಯ ಕಾಲುಗಳಿಗೂ ನಡುವಿನ ಕಾಲುಗಳಿಗೂ ಗಾತ್ರದ ಹೊರತು ಹೆಚ್ಚು ವ್ಯತ್ಯಾಸವಿಲ್ಲ. ಸೀಗಡಿಯನ್ನು ಸುಲಿದು ನೋಡಿದವರಿಗೆ ಗೊತ್ತಿರುವಂತೆ ಅದರ ಬಾಯಿಯ ಕಾಲು, ನಡೆಯುವ ಕಾಲು, ಈಜುವ ಕಾಲು ಎಲ್ಲ ಬೇರೆ ಬೇರೆ. ಟ್ರೈಲೊಬೈಟಿನಲ್ಲಿ ಆ ಬಗೆಯ ಕೆಲಸದ ಹಂಚಿಕೆ ಆಗಿರಲಿಲ್ಲ.

ಪ್ರತಿ ಕಾಲೂ ಬುಡದಿಂದ ಎರಡಾಗಿ ಕವಲೊಡೆದದ್ದು. ಕೆಳಗಿನ ಕವಲು ಕೀಲುಕೀಲಾಗಿ ಬಾಗುವ ನಡೆಗಾಲು, ತುದಿಯಲ್ಲಿ ಉಗುರು. ಮೇಲಿನ ಕವಲು ನಡೆಗಾಲಿಗೂ ಪಕ್ಕೆಪಟ್ಟಿಗೂ ನಡುವೆ ಚಪ್ಪಟೆಯಾಗಿ ಮಲಗಿ, ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ತೆಳು ಎಳೆಗಳನ್ನು ಹೊತ್ತಿರುತ್ತದೆ. ತೆಂಗಿನ ಗರಿಯನ್ನು ಸಣ್ಣಗೆ ಸೀಳಿ ಇದನ್ನು ಮಾಡಬಹುದು. ಈ ಎಳೆಗಳು ಉಸಿರಾಟಕ್ಕೋ ಈಜಿಗೋ ಎಂಬ ಚರ್ಚೆ ಬಹುಕಾಲ ನಡೆದಿತ್ತು. ಹಿಮಾಲಯದ ಟ್ರೈಲೊಬೈಟ್‌ಗಳ ಮೇಲೆ ದೀರ್ಘಕಾಲ ಕೆಲಸ ಮಾಡಿದ ನೈಜೆಲ್ ಹ್ಯೂಸ್ ಅವರೂ ಸೇರಿದ್ದ ತಂಡ, 2021ರಲ್ಲಿ ಆ ಪೈರೈಟ್ ಟ್ರೈಆರ್ಥ್ರಸ್‌ಗಳನ್ನೇ ಮರುಪರೀಕ್ಷಿಸಿ, ಎಳೆಗಳ ಅಡ್ಡಕೊಯ್ತದ ಆಕಾರ ಈಗಿನ ಏಡಿ ಸೀಗಡಿಗಳ ಕಿವಿರನ್ನು ಹೋಲುತ್ತದೆ ಎಂದು ತೋರಿಸಿದ ಮೇಲೆ ಉಸಿರಾಟದ ಪಕ್ಷ ಬಲವಾಗಿದೆ.

ಹಂತ 7: ಬೆಳವಣಿಗೆ, ಪೊರೆ, ಮತ್ತು ತುಂಡುಗಳ ಜೋಡಣೆ

ಮೊಟ್ಟೆಯೊಡೆದ ಟ್ರೈಲೊಬೈಟಿನ ಮೊದಲ ಕವಚವು ಮಿಲಿಮೀಟರಿಗಿಂತಲೂ ಕಡಿಮೆ ಅಗಲದ ಒಂದೇ ಬಿಲ್ಲೆ. ಅನಂತರ ಅದು ತಲೆ ಬಾಲಗಳಾಗಿ ಇಬ್ಭಾಗವಾಗುತ್ತದೆ, ಮುಂದೆ ಪೊರೆ ಕಳಚುತ್ತ ಹೋದಂತೆ ಬಾಲಫಲಕದ ಮುಂಚೂಣಿಯಿಂದ ಒಂದೊಂದೇ ಖಂಡ ಬಿಡುಗಡೆಯಾಗಿ ನಡುಭಾಗಕ್ಕೆ ಸೇರುತ್ತದೆ. ಖಂಡಗಳ ಸಂಖ್ಯೆ ಭರ್ತಿಯಾದ ಮೇಲೆ ಗಾತ್ರ ಮಾತ್ರ ಹೆಚ್ಚುತ್ತದೆ. ಈ ಕ್ರಮವನ್ನು ಸಾಓ ಹಿರ್ಸುಟಾ ಎಂಬ ಪ್ರಭೇದದಲ್ಲಿ ಹಂತಹಂತವಾಗಿ ಜೋಡಿಸಿ ತೋರಿಸಿದವರು ಬೊಹೆಮಿಯಾದಲ್ಲಿ ನೆಲೆಸಿದ್ದ ಯೋಆಖಿಮ್ ಬರಾಂದ್, 1852ರಲ್ಲಿ. ಅದಕ್ಕೆ ಮೊದಲು ಒಂದೇ ಪ್ರಾಣಿಯ ಮರಿಗಳನ್ನು ಬೇರೆ ಬೇರೆ ಜಾತಿಗಳೆಂದು ಹೆಸರಿಸುವ ಅಪಾಯವಿತ್ತು. ಆದುದರಿಂದ ಖಂಡಗಳ ಎಣಿಕೆ ಕಡಿಮೆಯಿದ್ದರೆ ಅದು ಬೇರೆ ಜಾತಿಯೋ ಎಳೆಯದೋ ಎಂದು ವಿಚಾರಿಸಿಯೇ ನಿರ್ಧರಿಸಬೇಕು.

ಒಂದೊಂದು ಟ್ರೈಲೊಬೈಟೂ ಬಾಳಿನಲ್ಲಿ ಅನೇಕ ಸಲ ಪೊರೆ ಕಳಚುತ್ತಿದ್ದುದರಿಂದ, ಕಲ್ಲಿನಲ್ಲಿ ಸಿಗುವ ತುಂಡುಗಳಲ್ಲಿ ಬಹುಪಾಲು ಸತ್ತ ಪ್ರಾಣಿಯ ದೇಹಗಳಲ್ಲ, ಬಿಟ್ಟುಹೋದ ಪೊರೆಗಳು. ಬೇಸಿಗೆಯಲ್ಲಿ ಹಲಸಿನ ಮರದ ಬೊಡ್ಡೆಗೆ ಅಂಟಿಕೊಂಡಿರುವ ಜೀರುಂಡೆಯ ಖಾಲಿ ಪೊರೆಯನ್ನು ನೋಡಿದವರಿಗೆ ಇದು ವಿಚಿತ್ರವೆನಿಸದು: ಅಲ್ಲಿ ಬೆನ್ನಿನ ಮೇಲೆ ಸೀಳಿರುತ್ತದೆ, ಇಲ್ಲಿ ಕೆನ್ನೆಯಲ್ಲಿ. ಬಿಡಿ ಕೆನ್ನೆಗಳಿಲ್ಲದ, ಹೈಪೊಸ್ಟೋಮ್ ಕಳಚಿಹೋದ ಕವಚ ಕಂಡರೆ ಪೊರೆಯೆಂದು ತಿಳಿಯಬಹುದು. ಎಲ್ಲವೂ ಸ್ವಸ್ಥಾನದಲ್ಲಿದ್ದು ಮೈ ಉಂಡೆಯಾಗಿದ್ದರೆ ಪ್ರಾಣಿ ಒಳಗಿದ್ದಾಗಲೇ ಹೂತುಹೋಗಿರುವ ಸಂಭವ ಹೆಚ್ಚು. ಫೇಕಾಪ್ಸ್‌ಗಳಲ್ಲಿ ಕೆನ್ನೆಯ ಹೊಲಿಗೆ ಬೆಸೆದುಹೋಗಿರುವುದರಿಂದ ತಲೆಗವಚವೇ ಇಡಿಯಾಗಿ ಕಳಚಿ, ಎಷ್ಟೋ ಸಲ ಮಗುಚಿ ಬಿದ್ದಿರುತ್ತದೆ.

ಮಾದರಿಯನ್ನು ಇನ್ನೂ ನಾಲ್ಕೈದು ದಿನ ಹಾಳೆಯಿಂದ ಮುಚ್ಚಿ, ಬಿಸಿಲಿಗೆ ಒಡ್ಡದೆ ಒಣಗಿಸಿರಿ. ಅವಸರಪಟ್ಟರೆ ಅಕ್ಷದ ತಗ್ಗುಗೆರೆಯಲ್ಲಿಯೇ ಬಿರಿಯುತ್ತದೆ. ಒಣಗಿದ ಮೇಲೆ ಬೆನ್ನು ಮೇಲಾಗಿ ಒಂದು ಹಲಗೆಯ ಮೇಲೆ ಇರಿಸಿ, ಎರಡು ಬಿಡಿ ಕೆನ್ನೆಗಳನ್ನು ತೆಗೆದು, ಕಣ್ಣು ಮತ್ತು ಮುಳ್ಳುಗಳ ಸಹಿತ ಎರಡು ಬೆರಳು ದೂರದಲ್ಲಿ ಓರೆಯಾಗಿ ಮಲಗಿಸಿರಿ, ಹೈಪೊಸ್ಟೋಮನ್ನು ಮುಂದುಗಡೆ ಅಂಗಾತ ಇಡಿರಿ. ಸ್ಪಿತಿಯ ಕಲ್ಲಿನಲ್ಲಾಗಲಿ ಕೆನಡಾದ ಕಲ್ಲಿನಲ್ಲಾಗಲಿ ನಿಮಗೆ ಟ್ರೈಲೊಬೈಟ್ ಎದುರಾಗುವುದು ಬಹುಮಟ್ಟಿಗೆ ಈ ಸ್ಥಿತಿಯಲ್ಲಿಯೇ.